ಎಂಟು ರಾಡು, ಎಂಟು ಕ್ಯಾಪು

ಅಡುಗೆ ಬರುವುದಿಲ್ಲ ಎಂದು ಹೇಳಿಕೊಂಡ ಹೆಂಗಸು ಹೋದ ಮನೆಯಲ್ಲೆಲ್ಲ ಕೂತು ಉಣ್ಣುತ್ತಾಳೆ. ನನಗೆ ಬರುತ್ತದೆ ಎಂದವಳು ಹೋದ ಮನೆಯಲ್ಲೆಲ್ಲ ಒಲೆಯ ಮುಂದೆ ನಿಲ್ಲುತ್ತಾಳೆ. ಎಪ್ಪತ್ತಾರು ವರ್ಷದಲ್ಲಿ ನಾನು ಸ್ವಂತ ಬುದ್ಧಿಯಿಂದ ಕಂಡುಕೊಂಡ ಸತ್ಯ ಇದೊಂದೇ. ಅಡುಗೆಯ ವಿಷಯದಲ್ಲಿ ಅದನ್ನು ಚೆನ್ನಾಗಿ ಪಾಲಿಸಿದೆ. ಅಮೆರಿಕಕ್ಕೆ ಬಂದು ಹನ್ನೊಂದು ವರ್ಷವಾದರೂ ನನ್ನ ಕೈಯ ಸಾರು ಹೇಗಿರುತ್ತದೆ ಎಂದು ಟೆಕ್ಸಸ್ಸಿನ ಈ ಫ್ರಿಸ್ಕೋ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಎಡವಿದ್ದು ಎಂಜಿನ್ ವಿಷಯದಲ್ಲಿ. ಅಲ್ಲಿ ನಾನು ‘ನನಗೆ ಗೊತ್ತು’ ಅಂದುಬಿಟ್ಟೆ.

ನಾನು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಮೇಷ್ಟ್ರು ಬಾರದ ದಿನ, ನಾನು ಹೋಗದ ದಿನ ಎರಡನ್ನೂ ಕಳೆದರೆ ವರ್ಷದಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಇಲ್ಲಿ ಒತ್ತಕ್ಷರ ತಪ್ಪಿದ್ದನ್ನು ಮಗಳು ಶೈಲ ತಿದ್ದಿದ್ದಾಳೆ. ವಿಷಯ ತಿದ್ದಲು ಬಂದಾಗ ಕೈಗೆ ಒಂದು ಕೊಟ್ಟಿದ್ದೇನೆ. ನಿಜವಾಗಿ ಕಲಿತದ್ದೆಲ್ಲ ಗಂಡನ ವರ್ಕ್‌ಶಾಪಿನಲ್ಲಿ. ಅದು ಚಿತ್ರದುರ್ಗದ ಹತ್ತಿರ ಹೈವೇ ಪಕ್ಕದಲ್ಲಿತ್ತು, ಲಾರಿ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ. ಮದುವೆಯಾದ ಎರಡನೇ ವಾರ ಅವರು ನನ್ನ ಕೈಗೆ ಒಂದು ಡಬ್ಬ ಸೀಮೆಎಣ್ಣೆ, ಒಂದು ಬ್ರಷ್ಷು ಕೊಟ್ಟು, ‘ಇವನ್ನು ತೊಳೆ’ ಅಂದರು. ಬಳೆ ಕೊಡಿಸುವ ಗಂಡಂದಿರು ಬೇರೆ ಕಡೆ ಇದ್ದರೆಂದು ಕೇಳಿದ್ದೇನೆ. ನನಗೆ ಸಿಕ್ಕ ಬಳೆಗಳು ಕನೆಕ್ಟಿಂಗ್ ರಾಡಿನ ತುದಿಯಲ್ಲಿ ಇದ್ದಂಥವು.

ರಾಡು ಎಂದರೇನು ಎಂದು ತಿಳಿಯದವರಿಗೆ ಹೇಳಿಬಿಡುತ್ತೇನೆ. ಎಂಜಿನ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಕುಣಿಯುತ್ತದೆ, ಅಡಿಯಲ್ಲಿ ಕ್ರ್ಯಾಂಕ್ ಗಿರಗಿರ ಸುತ್ತುತ್ತದೆ. ಕುಣಿಯುವುದನ್ನೂ ಸುತ್ತುವುದನ್ನೂ ಜೊತೆಗೆ ಕಟ್ಟಿ ಬಾಳಿಸುವ ಗೇಣುದ್ದದ ಉಕ್ಕು ಈ ರಾಡು. ಮನೆಗಳಲ್ಲಿ ಆ ಕೆಲಸ ಹೆಂಗಸರದು. ರಾಡಿನ ಕೆಳತುದಿಯಲ್ಲಿ ದೊಡ್ಡ ಬಳೆಯಿದೆ. ಅರ್ಧ ಬಳೆ ರಾಡಿಗೇ ಸೇರಿರುತ್ತದೆ. ಇನ್ನರ್ಧ ಬಿಡಿ, ಅದಕ್ಕೆ ಕ್ಯಾಪು ಎನ್ನುತ್ತಾರೆ. ಎರಡು ಬೋಲ್ಟ್ ಹಾಕಿ ಬಿಗಿಯಬೇಕು. ಒಂದು ರಾಡನ್ನೂ ಅದರ ಕ್ಯಾಪನ್ನೂ ಮೊದಲು ಬಿಗಿದು ಆಮೇಲೆ ಒಟ್ಟಿಗೇ ಕೊರೆದಿರುತ್ತಾರೆ. ಹಾಗಾಗಿ ಒಂದರ ಕ್ಯಾಪು ಇನ್ನೊಂದಕ್ಕೆ ಆಗುವುದಿಲ್ಲ. ಆದ ಹಾಗೆ ಕಾಣುತ್ತದೆ, ಕೂದಲೆಳೆಯಷ್ಟು ತಪ್ಪಿರುತ್ತದೆ. ಹಾಗೇ ಹಾಕಿ ಓಡಿಸಿದರೆ ಬೇರಿಂಗ್ ಸುಟ್ಟು, ರಾಡು ಮುರಿದು, ಎಂಜಿನ್ ಗೋಡೆ ಸೀಳಿಕೊಂಡು ರಸ್ತೆ ನೋಡಲು ಬರುತ್ತದೆ. ನಮ್ಮಲ್ಲಿ ಕ್ಯಾಪು ಅದಲುಬದಲು ಮಾಡಿದ ಮೆಕ್ಯಾನಿಕ್‌ಗೆ ಆ ದಿನ ನಾನು ಊಟ ಬಡಿಸುತ್ತಿರಲಿಲ್ಲ. ಎಷ್ಟೇ ವಯಸ್ಸಾದವರಿರಲಿ.

ಈಗ ಅಳಿಯನ ವಿಷಯ. ಮಧು ನನ್ನ ತಮ್ಮನ ಮಗನೂ ಹೌದು, ಅಳಿಯನೂ ಹೌದು. ಆದ್ದರಿಂದ ನಾನು ಅವನಿಗೆ ಬಹುವಚನ ಹಚ್ಚುವ ಗೊಡವೆಗೆ ಹೋಗಿಲ್ಲ. ಅವನು ಅಂಬೆಗಾಲಿಡುವಾಗ ವರ್ಕ್‌ಶಾಪಿನ ಗ್ರೀಸ್ ತಿಂದು ಭೇದಿ ಮಾಡಿಕೊಂಡದ್ದನ್ನು ಕಣ್ಣಾರೆ ಕಂಡವಳು ನಾನು. ಪಕ್ಕದೂರು ಪ್ಲೇನೋದ ಒಂದು ಆಫೀಸಿನಲ್ಲಿ ಈಗ ದೊಡ್ಡ ಹುದ್ದೆಯಲ್ಲಿದ್ದಾನೆ. ಐವತ್ತು ದಾಟಿದ ಮೇಲೆ ಕೆಲವು ಗಂಡಸರು ಕೂದಲಿಗೆ ಬಣ್ಣ ಹಚ್ಚುತ್ತಾರೆ, ಕೆಲವರು ಓಡಲು ಶುರುಮಾಡುತ್ತಾರೆ. ಇವನು ತಾನು ಹುಟ್ಟುವ ಮೊದಲೇ ಹುಟ್ಟಿದ ಒಂದು ಮಸಲ್ ಕಾರು ಕೊಂಡುತಂದ. ಮಸಲ್ ಕಾರು ಎಂದರೆ ಮೂತಿ ಉದ್ದ, ಬೆನ್ನು ಗಿಡ್ಡ, ಹೊಟ್ಟೆಯಲ್ಲಿ ಎಂಟು ಸಿಲಿಂಡರ್. ಎರಡು ಬಾಗಿಲು. ಹಿಂದಿನ ಸೀಟಿಗೆ ನಾನು ಹೋಗಬೇಕಾದರೆ ಮಡಚಿ ಇಡಬೇಕು. ಅದು ಲಾರಿ ಮೇಲೆ ಕೂತು ಮನೆಗೆ ಬಂತು, ಗ್ಯಾರೇಜಿನಲ್ಲಿ ಇಳಿಯಿತು, ಬಿಚ್ಚಿಸಿಕೊಂಡು ಎರಡು ವರ್ಷ ಹಾಗೇ ಮಲಗಿತು. ಅದು ಒಳಗೆ ಇದ್ದದ್ದರಿಂದ ಶೈಲಳ ಕಾರು ಹೊರಗೆ. ಟೆಕ್ಸಸ್ಸಿನ ಆಲಿಕಲ್ಲು ನಿಂಬೆಹಣ್ಣಿನ ಗಾತ್ರ ಇರುತ್ತದೆ. ಶೈಲಳ ಕಾರಿನ ಟಾಪು ಈಗ ಪಡ್ಡು ಕಾವಲಿಯ ಹಾಗಿದೆ.

ಎರಡು ವರ್ಷ ಯಾಕೆ ಎಂದರೆ, ರಾಡು ಆರಿಸುವುದಕ್ಕೆ. ಹಳೆಯ ಎಂಟು ರಾಡುಗಳನ್ನೇ ಪರೀಕ್ಷೆ ಮಾಡಿಸಿ, ಹೊಸ ಬೋಲ್ಟ್ ಹಾಕಿ ಮತ್ತೆ ಬಳಸುವುದೋ, ಹೊಸ ಸೆಟ್ಟು ತರಿಸುವುದೋ? ಹೊಸದಾದರೆ ನಡು ಐ ಆಕಾರದ್ದೋ ಎಚ್ ಆಕಾರದ್ದೋ? ನಾನು ಎರಡನ್ನೂ ಫೋಟೋದಲ್ಲಿ ನೋಡಿದೆ. ಐ ಅಕ್ಷರವನ್ನು ಮಲಗಿಸಿದರೆ ಎಚ್ ಆಗುತ್ತದೆ. ಇಷ್ಟಕ್ಕೆ ಜಗತ್ತಿನಾದ್ಯಂತ ಗಂಡಸರು ಕಂಪ್ಯೂಟರಿನಲ್ಲಿ ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದರು. ಮಧು ಒಂದೊಂದು ಬೈಗುಳವನ್ನೂ ಓದಿ, ಊಟದ ಹೊತ್ತಿಗೆ ನಮಗೆ ಕನ್ನಡದಲ್ಲಿ ಹೇಳುತ್ತಿದ್ದ. ಅವನ ಮನಸ್ಸು ಎಚ್ ಕಡೆ ಇತ್ತು. ‘ನೋಡೋದಕ್ಕೇ ಏನ್ ಚೆನ್ನಾಗಿದೆ ಅತ್ತೆ!’ ಅನ್ನುತ್ತಿದ್ದ. ‘ಅದೇನು ಎಂಜಿನ್ ಹೊರಗೆ ನೇತುಹಾಕ್ತೀಯಾ ನೋಡಕ್ಕೆ?’ ಅಂದೆ. ಅಲ್ಲಿಗೆ ಸುಮ್ಮನಾಗಬಹುದಿತ್ತು. ‘ಹಳೇ ರಾಡು ಗಟ್ಟಿ ಇದ್ರೆ ಸಾಕು ಕಣೋ. ರಾಡು ಸಾಯಲ್ಲ, ಬೋಲ್ಟು ಸಾಯುತ್ತೆ. ಬೋಲ್ಟ್ ಹೊಸದು ಹಾಕು. ನಂಗೊತ್ತು’ ಅಂತಲೂ ಸೇರಿಸಿದೆ.

ಒಲೆಯ ಮುಂದೆ ನಿಂತಾಯಿತು.

ಮೊದಲು ಹ್ಯೂಸ್ಟನ್ನಿಗೆ ಕರೆದುಕೊಂಡು ಹೋದ. ಅಲ್ಲಿ ಅವನ ಗೆಳೆಯ ಡಾಕ್ಟರು ಇದ್ದಾರೆ, ರಿಟೈರಾದ ಮೂಳೆ ಡಾಕ್ಟರು, ಮೈಸೂರಿನವರು, ಅವರಿಗೂ ಹಳೇ ಕಾರಿನ ಹುಚ್ಚು. ಅವರ ಗ್ಯಾರೇಜಿಗೆ ಚಪ್ಪಲಿ ಬಿಟ್ಟು ಹೋಗಬೇಕು. ನಮ್ಮ ರಾಡನ್ನು ಎರಡು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, ‘ಇದು ತೊಡೆ ಮೂಳೆ ಇದ್ದ ಹಾಗೆ ಅಮ್ಮ. ವಯಸ್ಸಾದ ಮೂಳೆ. ಮೇಲೆ ಚೆನ್ನಾಗಿ ಕಾಣುತ್ತೆ, ಒಳಗೆ ಸುಸ್ತಾಗಿರುತ್ತೆ. ಬದಲಾಯಿಸಿಬಿಡೋದು ವಾಸಿ’ ಅಂದರು. ಸುಸ್ತು ಎಂಬ ಮಾತಿಗೆ ಫಟೀಗು ಎಂದು ಇಂಗ್ಲಿಷಿನಲ್ಲೂ ಒಂದು ಸಲ ಹೇಳಿದರು. ‘ನೀವು ಎಷ್ಟು ಜನಕ್ಕೆ ಬದಲಾಯಿಸಿದ್ದೀರಿ ಡಾಕ್ಟ್ರೇ?’ ಎಂದು ಕೇಳಿದೆ. ‘ಸಾವಿರಾರು’ ಅಂದರು. ‘ಅದಕ್ಕೇ ಹಾಗೆ ಕಾಣುತ್ತೆ ನಿಮಗೆ. ನನ್ನ ಮಂಡಿ ಕಡೆ ನೋಡಬೇಡಿ’ ಎಂದು ಸೀರೆ ಸರಿಮಾಡಿಕೊಂಡೆ. ಅವರ ಹೆಂಡತಿ ನಕ್ಕರು. ಡಾಕ್ಟರು ನಗಲಿಲ್ಲ.

ಆಮೇಲೆ ಆಸ್ಟಿನ್ನಿನ ಕಿರಣ. ಮಧುವಿನ ಹಳೇ ಆಫೀಸಿನವನು, ಮೂವತ್ತೈದು ವರ್ಷದವನು, ಇದೇ ಜಾತಿಯ ಎಂಜಿನ್ ಕಟ್ಟಬೇಕೆಂದು ಕನಸು ಕಾಣುತ್ತಿರುವವನು. ಅವನ ಹತ್ತಿರ ಅಂಥ ಕಾರೂ ಇಲ್ಲ, ಅಂಥ ಎಂಜಿನ್ನೂ ಇಲ್ಲ. ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ ಇದೆ. ಎಲ್ಲ ರಾಡುಗಳ ತೂಕ, ಉದ್ದ, ತಾಳುವ ಶಕ್ತಿ, ಯಾರು ಏನು ಅಂದರು, ಎಲ್ಲ ಬಣ್ಣಬಣ್ಣದಲ್ಲಿ. ‘ಆಂಟಿ, ನೀವು ಹೇಳೋ ಹಳೇ ರಾಡು ಹಸಿರಲ್ಲೂ ಇಲ್ಲ, ಕೆಂಪಲ್ಲೂ ಇಲ್ಲ, ಹಳದೀಲಿ ಬರುತ್ತೆ’ ಅಂದ. ಹಳದಿ ಎಂದರೇನಪ್ಪ ಎಂದರೆ, ‘ಗೊತ್ತಿಲ್ಲ ಅಂತ’ ಅಂದ. ಆ ಹುಡುಗ ನನಗೆ ಹಿಡಿಸಿದ. ಗೊತ್ತಿಲ್ಲದ್ದಕ್ಕೆ ಒಂದು ಬಣ್ಣ ಇಟ್ಟುಕೊಂಡಿದ್ದನಲ್ಲ, ನನ್ನ ಹತ್ತಿರ ಅದೂ ಇರಲಿಲ್ಲ.

ಕೊನೆಗೆ ಯೂಲೆಸ್‌ನ ರೊಹೇಲಿಯೊ. ಏರ್‌ಪೋರ್ಟಿನ ಬೇಲಿ ಕಡೆ ಒಂದು ತಗಡಿನ ಶೆಡ್ಡು, ಒಳಗೆ ಲೇತು, ಬೋರಿಂಗ್ ಮಷೀನು, ನನ್ನಷ್ಟೇ ವಯಸ್ಸಾದ ಮೆಕ್ಸಿಕೋದ ಮುದುಕ. ನನಗೆ ಅವನ ಭಾಷೆ ಬರದು, ಅವನಿಗೆ ನನ್ನದು ಬರದು, ಮಧುವಿನ ಇಂಗ್ಲಿಷು ನಮ್ಮಿಬ್ಬರಿಗೂ ಬೇಡವಾಗಿತ್ತು. ಎರಡು ನಿಮಿಷಕ್ಕೊಂದು ವಿಮಾನ ತಲೆ ಮೇಲೆ ಹೋದಾಗ ಹೇಗೂ ಎಲ್ಲರೂ ಮೂಕರೇ. ರೊಹೇಲಿಯೊ ಒಂದು ರಾಡನ್ನು ತಂತಿಗೆ ನೇತುಹಾಕಿ, ಸ್ಪ್ಯಾನರಿನಿಂದ ಟಿಣ್ ಎಂದು ತಟ್ಟಿದ. ಗಂಟೆಯ ಹಾಗೆ ನಾದ ಬಂತು. ಸೀಳು ಬಿಟ್ಟಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದೆ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಎಂಟೂ ತಟ್ಟಿದ, ಎಂಟೂ ಹಾಡಿದವು. ಆಮೇಲೆ ಸಂಪ್ರದಾಯಕ್ಕೆಂದು ಕಬ್ಬಿಣದ ಪುಡಿ ಉದುರಿಸಿ ಮಷೀನಿನಲ್ಲೂ ಪರೀಕ್ಷೆ ಮಾಡಿದ. ಸೀಳಿಲ್ಲ. ಹಳೇ ಬೋಲ್ಟ್‌ಗಳನ್ನು ಮಾತ್ರ ತೆಗೆದು ಬಕೆಟ್ಟಿಗೆ ಎಸೆದು, ಪ್ರತಿ ಕ್ಯಾಪನ್ನೂ ಅದರ ರಾಡಿಗೇ ತಂತಿಯಲ್ಲಿ ಕಟ್ಟಿಕೊಟ್ಟ. ನಾನು ಮಧುವಿನ ಕಡೆ ತಿರುಗಿ ಆ ಬಕೆಟ್ಟಿನತ್ತ ಬೆರಳು ಮಾಡಿದೆ.

ಈ ಎಂಜಿನ್ ಮಾಡಿದ ಕಾರ್ಖಾನೆಯವರು ರಾಡಿನ ಮೇಲೆ ನಂಬರು ಹೊಡೆದಿರಲಿಲ್ಲ. ಮಧು ಮನೆಗೆ ಬಂದವನೇ ತಂತಿ ಬಿಚ್ಚಿ, ಮಾರ್ಕರ್ ಪೆನ್ನು ತೆಗೆದುಕೊಂಡು ಪ್ರತಿ ರಾಡಿಗೂ ಅದರ ಕ್ಯಾಪಿಗೂ ಒಂದರಿಂದ ಎಂಟರವರೆಗೆ ಬರೆದ. ‘ಪಂಚ್ ಹೊಡಿಯೋ, ಇದೇನು ಮದುವೆಮನೆ ಪಾತ್ರೆಗೆ ಹೆಸರು ಬರೆದ ಹಾಗೆ’ ಅಂದೆ. ‘ಇದು ಪರ್ಮನೆಂಟ್ ಮಾರ್ಕರ್ ಅತ್ತೆ, ಹೋಗಲ್ಲ’ ಅಂದ.

ಇಷ್ಟಾದರೂ ಅವನು ನಿರ್ಧಾರ ಮಾಡಲಿಲ್ಲ. ಒಂದು ದಿನ ಮತ್ತೆ ಆಲಿಕಲ್ಲು ಬಿತ್ತು. ಶೈಲ ಒಳಗೆ ಬಂದು ಬ್ಯಾಗು ಕೆಳಗಿಡುವ ಮೊದಲೇ ಶುರುಮಾಡಿದಳು. ‘ರೀ, ಆಯುಧಪೂಜೆ ದಿನ ಅಮ್ಮ ಏನು ಹೇಳ್ತಾಳೋ ಅದೇ ಫೈನಲ್. ಹಳೇದು ಅಂದ್ರೆ ಹಳೇದು, ಹೊಸದು ಅಂದ್ರೆ ಹೊಸದು. ಅಮ್ಮಂಗೆ ಎಂಜಿನ್ ಗೊತ್ತು, ನಿಮಗೆ ವಿಡಿಯೋ ಗೊತ್ತು. ಅವತ್ತೂ ಮುಗೀದಿದ್ರೆ ಕಾರು ಮಾರಿಬಿಡೋದು, ನನ್ನ ಕಾರು ಒಳಗೆ.’ ಮಧು ಮುಖ ಸಣ್ಣದು ಮಾಡಿಕೊಂಡ. ನಾನು ಏನು ಹೇಳುತ್ತೇನೆ ಎಂಬುದು ಹ್ಯೂಸ್ಟನ್ನಿಗೂ ಆಸ್ಟಿನ್ನಿಗೂ ಗೊತ್ತಿತ್ತು. ನನಗೋ, ಮೂರನೇ ಕ್ಲಾಸಿನವಳಿಗೆ ಜಡ್ಜ್ ಕೆಲಸ ಸಿಕ್ಕಿತ್ತು. ಎರಡು ದಿನ ಸ್ವಲ್ಪ ನೆಟ್ಟಗೆ ನಡೆದಾಡಿದೆ.

ಇಲ್ಲಿ ಹಬ್ಬಗಳು ಯಾವ ತಿಥಿಗೆ ಬಂದರೂ ನಾವು ಮಾಡುವುದು ಶನಿವಾರ. ಆ ಶನಿವಾರ ಬೆಳಿಗ್ಗೆ ಮಧು ರಾಡು, ಕ್ಯಾಪುಗಳಿದ್ದ ಟಬ್ಬನ್ನು ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟು, ‘ಇವನ್ನೂ ಪೂಜೆಗೆ ಇಡೋಣ ಅತ್ತೆ’ ಎಂದು ಹೇಳಿ, ಹೂವು ತರಲು ಹೋದ. ಇಣುಕಿ ನೋಡಿದೆ. ಕಪ್ಪು ಎಣ್ಣೆ, ಮಷೀನಿನ ಪುಡಿ, ಜಿಡ್ಡು. ದೇವರ ಮುಂದೆ ಇಡುವ ವಸ್ತುವೇ ಇದು? ಕೈ ತಾನಾಗಿ ಹುಣಸೆಹಣ್ಣಿನ ಡಬ್ಬಕ್ಕೆ ಹೋಯಿತು. ದೇವರ ದೀಪಗಳನ್ನು ಉಜ್ಜಿದ್ದು ಇನ್ನೂ ಮಿಕ್ಕಿತ್ತು. ಹುಣಸೆಹಣ್ಣು, ಉಪ್ಪು, ಪಾತ್ರೆ ಪೌಡರು, ತಂತಿ ನಾರು. ಒಂದೊಂದನ್ನೂ ತಿಕ್ಕಿ ತಿಕ್ಕಿ ತೊಳೆದೆ. ನೀರು ಸೋಕಿದ ಉಕ್ಕು ತುಕ್ಕು ಹಿಡಿಯುತ್ತದೆಂದು ನನಗೆ ಗೊತ್ತಲ್ಲ, ಬಟ್ಟೆಯಲ್ಲಿ ಒರೆಸಿ ಕೊಬ್ಬರಿ ಎಣ್ಣೆಯನ್ನೂ ಸವರಿದೆ. ಟವೆಲ್ಲಿನ ಮೇಲೆ ಒಂದು ಸಾಲು ರಾಡು, ಒಂದು ಸಾಲು ಕ್ಯಾಪು, ಲೋಟ ಬೋರಲು ಹಾಕಿದ ಹಾಗೆ ಅಚ್ಚುಕಟ್ಟಾಗಿ ಜೋಡಿಸಿದೆ. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಕುಂಕುಮದ ಬಟ್ಟಲಿಗೆ ಬೆರಳು ಅದ್ದಿ, ಮೊದಲನೇ ರಾಡಿನಿಂದ ಶುರುಮಾಡೋಣ ಎಂದು ನೋಡಿದೆ.

ಮೊದಲನೆಯದು ಯಾವುದು?

ಪರ್ಮನೆಂಟ್ ಮಾರ್ಕರಿನ ಒಂದು ಗೆರೆಯೂ ಉಳಿದಿರಲಿಲ್ಲ. ಎಂಟು ರಾಡು, ಎಂಟು ಕ್ಯಾಪು, ಯಾವುದು ಯಾವುದರ ಜೊತೆ ಹುಟ್ಟಿತೆಂದು ಹೇಳಲು ಭೂಮಿಯ ಮೇಲೆ ಯಾರೂ ಇಲ್ಲ. ಒಂದನ್ನು ಇನ್ನೊಂದಕ್ಕೆ ಕೂಡಿಸಿ ಸಂದಿನ ಮೇಲೆ ಉಗುರು ಎಳೆದು ನೋಡಿದೆ. ಉಗುರು ತಡೆಯಿತು, ಅಂದರೆ ಜೋಡಿಯಲ್ಲ. ಬೇರೆ ಕ್ಯಾಪು ಇಟ್ಟೆ, ತಡೆಯಿತು. ಮತ್ತೊಂದು, ತಡೆಯಲಿಲ್ಲ; ತಿರುಗಿಸಿ ಎಳೆದರೆ ಅದೂ ತಡೆಯಿತು. ಎಷ್ಟು ಜನ ಮೆಕ್ಯಾನಿಕ್‌ಗಳಿಗೆ ನಾನು ಊಟ ಹಾಕದೆ ಕೂರಿಸಿದ್ದೆನೋ ಅವರೆಲ್ಲ ಕಣ್ಣ ಮುಂದೆ ಸಾಲಾಗಿ ತಟ್ಟೆ ಹಿಡಿದು ನಿಂತರು. ಮಧು ಹೂವು ಹಿಡಿದು ಬಂದ. ಕಾಫಿ ಬೇಕೆಂದು ಅಡುಗೆಮನೆಗೆ ಬಂದು, ಟವೆಲ್ಲಿನ ಕಡೆ ನೋಡಿ, ‘ಏನ್ ಹೊಳಪು ಅತ್ತೆ!’ ಎಂದು ಕಾಫಿ ಕುಡಿದು ಹೋದ. ನಾನು ಗಪ್‌ಚಿಪ್ ಎಂಟಕ್ಕೂ ಕುಂಕುಮ ಇಟ್ಟೆ.

ಪೂಜೆಗೆ ಹ್ಯೂಸ್ಟನ್ನಿನಿಂದ ಡಾಕ್ಟರು ದಂಪತಿಗಳು ಬಂದರು, ಆಸ್ಟಿನ್ನಿನಿಂದ ಕಿರಣ ಬಂದ. ಹುಲ್ಲು ಕತ್ತರಿಸುವ ಮಷೀನು, ಲ್ಯಾಪ್‌ಟಾಪು, ಶೈಲಳ ಪಡ್ಡು ಕಾರು, ಎಲ್ಲಕ್ಕೂ ಹೂವು ಏರಿತು. ಎಂಜಿನ್ ಇಲ್ಲದ ಮಸಲ್ ಕಾರನ್ನು ಮೂವರು ಗಂಡಸರು ಹಿಂದಿನಿಂದ ತಳ್ಳಿ ನಿಂಬೆಹಣ್ಣಿನ ಮೇಲೆ ಹತ್ತಿಸಿದರು. ಡಾಕ್ಟರಿಗೆ ಸೊಂಟ ಹಿಡಿಯಿತು. ಮಂಗಳಾರತಿ ಆದ ಮೇಲೆ ಮಧು ಕೈಕಟ್ಟಿ ನಿಂತು, ಎಲ್ಲರಿಗೂ ಕೇಳುವ ಹಾಗೆ, ‘ಅತ್ತೆ, ನಾನು ಸೋತೆ. ನೀವು ಮೊದಲಿಂದ ಹೇಳಿದ್ದೇ ಸರಿ. ಹಳೇ ರಾಡೇ ಹಾಕೋದು. ನೀವೊಂದು ಸಲ ಬಾಯಿಬಿಟ್ಟು ಹೇಳಿಬಿಡಿ, ನಾಳೆನೇ ಬೋಲ್ಟ್ ಬಿಗಿದು ಎಂಜಿನ್ ಒಳಗೆ ಇಡ್ತೀನಿ’ ಅಂದ.

ಎಲ್ಲರೂ ನನ್ನ ಕಡೆ ತಿರುಗಿದರು. ಎರಡು ವರ್ಷ ಈ ಮಾತಿಗೆ ಕಾದಿದ್ದೆ. ಬಾಯಲ್ಲಿ ಪ್ರಸಾದದ ಕೊಬ್ಬರಿ ಇತ್ತು, ಅದನ್ನು ಆದಷ್ಟು ನಿಧಾನವಾಗಿ ಅಗಿದೆ. ‘ಹೂಂ’ ಅಂದರೆ ಆ ರಾಡುಗಳು ಎಂಜಿನ್ನಿಗೆ ಹೋಗುತ್ತವೆ, ಆ ಎಂಜಿನ್ ಹೈವೇಗೆ ಹೋಗುತ್ತದೆ, ಸ್ಟೀರಿಂಗ್ ಹಿಂದೆ ಇವನು, ಪಕ್ಕದಲ್ಲಿ ನನ್ನ ಮಗಳು. ‘ನಾನು ಕ್ಯಾಪು ಬೆರೆಸಿಬಿಟ್ಟೆ’ ಅಂದರೆ ನನ್ನ ಮಾನ ಅಲ್ಲೇ ಆ ನಿಂಬೆಹಣ್ಣಿನ ಪಕ್ಕದಲ್ಲಿ ಬಿದ್ದಿರುತ್ತದೆ.

‘ಹೊಸದೇ ಹಾಕ್ಸು’ ಅಂದೆ.

‘ಆಂ?’ ಅಂದಳು ಶೈಲ.

‘ಐವತ್ತು ವರ್ಷ ದುಡಿದಿದೆ ಕಣೇ ಅದು. ಮೇಲೆ ಚೆನ್ನಾಗಿ ಕಾಣುತ್ತೆ, ಒಳಗೆ ಸುಸ್ತಾಗಿರುತ್ತೆ.’

‘ಫಟೀಗ್!’ ಎಂದು ಡಾಕ್ಟರು ಸೊಂಟ ಮರೆತು ಎದ್ದರು. ‘ನಾನು ಹೇಳಿದ್ದು ಇದನ್ನೇ! ಈ ವಯಸ್ಸಲ್ಲಿ ಅಭಿಪ್ರಾಯ ಬದಲಾಯಿಸೋದು ಅಂದ್ರೆ ಸಾಮಾನ್ಯ ಅಲ್ಲ. ಅಮ್ಮನ್ನ ನೋಡಿ ಕಲೀಬೇಕು ನಾವು.’

ಅವರ ಹೆಂಡತಿ ನನ್ನ ಕಾಲಿಗೆ ನಮಸ್ಕಾರ ಮಾಡಿದರು. ಕಿರಣ ಫೋನ್ ತೆಗೆದು ಕೋಷ್ಟಕದಲ್ಲಿ ಏನನ್ನೋ ಹಳದಿಯಿಂದ ಕೆಂಪು ಮಾಡಿದ. ಶೈಲ ಮಾತ್ರ ಹತ್ತಿರ ಬಂದು ನನ್ನ ಹಣೆ ಮುಟ್ಟಿ, ‘ಜ್ವರ ಏನೂ ಇಲ್ಲವಲ್ಲ’ ಅಂದಳು. ಮಧು ‘ನೀವು ಹೇಗೆ ಹೇಳ್ತೀರೋ ಹಾಗೆ’ ಎಂದು ತಲೆ ಬಗ್ಗಿಸಿದ. ಪಾಪ, ಎಷ್ಟು ವಿನಯ ಎಂದುಕೊಂಡೆ. ಡಾಕ್ಟರು ದಂಪತಿಗಳು ಊಟ ಮಾಡಿ, ನನ್ನನ್ನು ಇನ್ನಷ್ಟು ಹೊಗಳಿ ಸಂಜೆಯೇ ಹೊರಟರು. ಸುಳ್ಳು ಹೇಳಿ ಇಷ್ಟು ಗೌರವ ಬರುವುದಾದರೆ ಇಷ್ಟು ವರ್ಷ ನಿಜ ಹೇಳಿ ನಾನು ಕಳೆದುಕೊಂಡದ್ದೆಷ್ಟೋ.

ಭಾನುವಾರ ಬೆಳಿಗ್ಗೆ ಕಿರಣ ಹೊರಟ. ನೋಡುತ್ತೇನೆ, ಅವನ ಕಾರಿನ ಡಿಕ್ಕಿಯಲ್ಲಿ ನಮ್ಮ ಟಬ್ಬು ಕೂತಿದೆ, ಎಂಟು ಕುಂಕುಮದ ಬೊಟ್ಟು ಮೇಲ್ಮುಖವಾಗಿ. ‘ಇದೇನಪ್ಪಾ?’ ಅಂದೆ. ‘ಹಳೇ ಸೆಟ್ಟು ಮಧು ನಂಗೆ ಕೊಟ್ರು ಆಂಟಿ. ನಾನು ಮುಂದೆ ಕಟ್ಟೋ ಎಂಜಿನ್‌ಗೆ. ಕೆಂಪಾದ್ರೂ ಪರವಾಗಿಲ್ಲ, ನೀವು ಕೈಯಾರೆ ತೊಳೆದು ಪೂಜೆ ಮಾಡಿರೋದು, ಹಾಗೇ ಜೋಡಿಸಿಬಿಡ್ತೀನಿ’ ಎಂದು ಡಿಕ್ಕಿ ಮುಚ್ಚಿದ.

ಅವನು ಇಂಡಿಕೇಟರ್ ಹಾಕಿದ್ದ. ನಾನು ಆ ಕಾರಿನ ಮುಂದೆ ಹೋಗಿ ನಿಂತೆ.

‘ಇಳಿಯಪ್ಪ ಕೆಳಗೆ’ ಅಂದೆ. ‘ಅವು ಕೆಟ್ಟಿವೆ.’

‘ರೊಹೇಲಿಯೊ ಚೆಕ್ ಮಾಡಿದ್ರಂತಲ್ಲ ಆಂಟಿ?’

‘ಅವನು ಚೆಕ್ ಮಾಡಿದ ಮೇಲೆ ನಾನು ಕೆಡಿಸ್ದೆ. ನಂಬರೆಲ್ಲ ತಿಕ್ಕಿ ತೊಳೆದುಬಿಟ್ಟೆ. ಯಾವ ಕ್ಯಾಪು ಯಾವುದರದ್ದು ಅಂತ ನಂಗೂ ಗೊತ್ತಿಲ್ಲ, ನಿನ್ನ ಕಂಪ್ಯೂಟರಿಗೂ ಗೊತ್ತಿಲ್ಲ. ಅದಕ್ಕೇ ನಿನ್ನೆ ಹೊಸದು ಅಂದದ್ದು. ಸುಸ್ತೂ ಇಲ್ಲ, ಮಣ್ಣೂ ಇಲ್ಲ.’

ಕಿರಣ ಮಧುವಿನ ಮುಖ ನೋಡಿದ. ಮಧು ಡ್ರೈವ್‌ವೇಯಲ್ಲಿ ಪೇಪರ್ ಹಿಡಿದು ನಿಂತಿದ್ದವನು ಹಲ್ಲು ಕಿರಿಯುತ್ತಿದ್ದ.

‘ಗೊತ್ತು ಅತ್ತೆ. ಕಾಫಿ ಕುಡಿಯುವಾಗಲೇ ನೋಡಿದೆನಲ್ಲ, ಕ್ಯಾಪೆಲ್ಲ ಬೇರೆ ಸಾಲಲ್ಲಿದ್ವು, ಒಂದರ ಮೇಲೂ ನಂಬರಿರಲಿಲ್ಲ.’

‘ಗೊತ್ತಿದ್ದೂ ಎಲ್ಲರ ಮುಂದೆ ಹಳೇದೇ ಹಾಕ್ತೀನಿ ಅಂದ್ಯಾ?’

‘ಇಲ್ದಿದ್ರೆ ನೀವು ಹೊಸದು ಅಂತ ಹೇಳ್ತಿದ್ರಾ? ನಿಮ್ಮ ಮಾತೇ ಫೈನಲ್ ಅಂತ ನಿಮ್ಮ ಮಗಳು ಹೇಳಿದ್ಲಲ್ಲ. ಎಚ್ ಸೆಟ್ಟು ನಿನ್ನೆ ಮಧ್ಯಾಹ್ನವೇ ಆರ್ಡರ್ ಮಾಡ್ದೆ.’

‘ಅಯ್ಯೋ ಮುಂಡೇದೆ, ಈ ಹುಡುಗ ಇವನ್ನು ಹಾಕ್ಕೊಂಡು ರಸ್ತೇಲಿ ಹೋಗಿದ್ರೆ?’

‘ಹೋಗ್ತಿರಲಿಲ್ಲ. ಅವನಿಗೆ ರಾತ್ರಿನೇ ಹೇಳಿದ್ದೀನಿ, ಹಾಗೇ ಜೋಡಿಸ್ತೀನಿ ಅಂದದ್ದು ನಿಮ್ಮ ಬಾಯಿ ಬಿಡಿಸೋಕೆ. ರೊಹೇಲಿಯೊ ಹತ್ರ ತಗೊಂಡು ಹೋಗ್ತಿದ್ದಾನೆ. ಎಲ್ಲ ಕ್ಯಾಪೂ ಒಂಚೂರು ತರಿದು, ಮತ್ತೆ ಬಿಗಿದು, ಹೊಸದಾಗಿ ಕೊರೆದು ಕೊಡ್ತಾರಂತೆ. ಹೊಸ ಬೋಲ್ಟ್ ಹಾಕಿದ್ರೆ ಹೇಗೂ ಕೊರೀಲೇಬೇಕಂತಲ್ಲ.’

ಅದು ನನಗೆ ಗೊತ್ತಿತ್ತು. ನಲವತ್ತು ವರ್ಷ ನೋಡಿದ ಕೆಲಸ ಅದು. ಬೋಲ್ಟ್ ಬದಲಾಯಿಸಿದರೆ ಬಳೆ ಮತ್ತೆ ಕೊರೆಸಬೇಕು, ಕೊರೆಸುವಾಗ ಕ್ಯಾಪಿನ ತಪ್ಪನ್ನೂ ಸರಿಮಾಡಬಹುದು. ಅಡುಗೆಮನೆಯಲ್ಲಿ ಒಂದು ನಿಮಿಷ ಸುಮ್ಮನೆ ನಿಂತು ಯೋಚಿಸಿದ್ದರೆ ಹೊಳೆಯುತ್ತಿತ್ತು. ಮಾನ ಹೋಗುತ್ತದೆಂಬ ಗಾಬರಿಯಲ್ಲಿ ಇದ್ದ ಒಂದು ವಿದ್ಯೆಯೂ ಹೋಗಿತ್ತು. ಕಿರಣ ಕಿಟಕಿಯಿಂದ ಕೈಮುಗಿದು, ‘ಸಾರಿ ಆಂಟಿ, ಕಾರಿನ ಮುಂದೆ ಬಂದು ನಿಲ್ತೀರಿ ಅಂತ ಅಂದುಕೊಂಡಿರಲಿಲ್ಲ’ ಎಂದು ಹೊರಟುಹೋದ. ಆವತ್ತು ಮಧ್ಯಾಹ್ನ ಮಧುವಿಗೆ ನಾನು ಊಟ ಬಡಿಸಲಿಲ್ಲ. ಅವನೇ ಬಡಿಸಿಕೊಂಡು, ನನಗೂ ಒಂದು ತಟ್ಟೆ ಹಾಕಿಕೊಟ್ಟ. ಹಸಿವಾಗಿತ್ತು, ತಿಂದೆ.

ಹೊಸ ರಾಡು ಬಂದು, ಎಂಜಿನ್ ಕಟ್ಟಿ, ಕಾರು ಈಗ ಓಡುತ್ತದೆ. ಸದ್ದಿಗೆ ಬೀದಿಯ ನಾಯಿಗಳೆಲ್ಲ ಬೊಗಳುತ್ತವೆ. ಶೈಲಳ ಕಾರು ಒಳಗೆ ಬಂದಿದೆ. ಹ್ಯೂಸ್ಟನ್ನಿನ ಡಾಕ್ಟರಿಗೆ ಮಾತ್ರ ಯಾರೂ ನಿಜ ಹೇಳಿಲ್ಲ. ಮಧು ಹೇಳಲಿಲ್ಲ, ನಾನು ಯಾಕೆ ಹೇಳಲಿ? ಮೊನ್ನೆ ಅವರೇ ಫೋನ್ ಮಾಡಿದರು.

‘ಅಮ್ಮಾ, ನಾನೂ ಒಂದು ಎಂಜಿನ್ ಬಿಚ್ಚಿದ್ದೀನಿ. ಹಳೇ ರಾಡು ಇಟ್ಕೊಳ್ಳಲೋ, ಹೊಸದು ತರಿಸಲೋ? ನಿಮ್ಮ ಬಾಯಿಂದಲೇ ಕೇಳಬೇಕು ಅಂತ.’

‘ಮನೇಲಿ ಈಗ ಯಾರ್ಯಾರು ಇದ್ದೀರಿ ಡಾಕ್ಟ್ರೇ?’

‘ನಾನು, ನನ್ನ ಹೆಂಡತಿ. ನಮ್ಮಕ್ಕ ಬಂದಿದ್ದಾರೆ ಮೈಸೂರಿಂದ. ಎಂಬತ್ತಾಯ್ತು, ಆದ್ರೂ ಒಂದು ಗಳಿಗೆ ಸುಮ್ಮನೆ ಕೂರಲ್ಲ ನೋಡಿ. ಏನಾದ್ರೂ ಉಜ್ತಾನೇ ಇರ್ತಾರೆ.’

‘ಹೊಸದೇ ತರಿಸಿಬಿಡಿ’ ಅಂದೆ.